ಕೊಯ್ನಾದಿಂದ ಆಜರಾಕ್ಕೆ: ಭೂಕಂಪದ ಅಲೆಗಳು ಹೇಳುವ ಸುದ್ದಿ

ಹಲಸಿನ ಕಾಯಿ ಬೆಳೆದಿದೆಯೇ ಎಂದು ತಿಳಿಯಲು ನಾವು ಅದನ್ನು ಬೆರಳಿನಿಂದ ಬಡಿದು ನೋಡುತ್ತೇವೆ. ಒಳಗಿನ ಸಂಗತಿಯನ್ನು ಸದ್ದೇ ತಿಳಿಸುತ್ತದೆ. ಭೂಮಿಯ ಒಡಲನ್ನು ವಿಜ್ಞಾನಿಗಳು ಅರಿತದ್ದೂ ಹೆಚ್ಚುಕಡಿಮೆ ಹೀಗೆಯೇ. ಭೂಮಿಯ ನಡುವಿಗೆ 6,371 ಕಿ.ಮೀ. ದೂರ. ಮನುಷ್ಯ ಕೊರೆದ ಅತ್ಯಂತ ಆಳದ ರಂಧ್ರ, ರಷ್ಯದ ಕೋಲಾದ್ದು, 12 ಕಿ.ಮೀ.ಗಿಂತ ತುಸು ಹೆಚ್ಚು ಅಷ್ಟೆ. ಅದರಾಚೆಗಿನ ವಿಷಯವನ್ನು ನಮಗೆ ಮುಖ್ಯವಾಗಿ ತಿಳಿಸಿದವು ಭೂಕಂಪದ ಅಲೆಗಳು.

ಕೊಲ್ಹಾಪುರ ಜಿಲ್ಲೆಯ ದಕ್ಷಿಣದಲ್ಲಿರುವ ಆಜರಾ, ಗಡಹಿಂಗ್ಲಜ ಕಡೆಗಳಲ್ಲಿ ನಮ್ಮಂತೆಯೇ ಬೇರೊಂದು ಭಾಷೆಯ ನಡುವೆ ಕನ್ನಡವನ್ನು ಉಳಿಸಿಕೊಂಡ ಮನೆಗಳಿವೆ. ಆಜರಾದಿಂದ ಉತ್ತರಕ್ಕೆ ನೇರ ಲೆಕ್ಕದಲ್ಲಿ ಸುಮಾರು 150 ಕಿ.ಮೀ. ದೂರದಲ್ಲಿ, ಸಾತಾರಾ ಜಿಲ್ಲೆಯಲ್ಲಿ, ಕೊಯ್ನಾ ಅಣೆಕಟ್ಟಿದೆ. 1967ರ ಡಿಸೆಂಬರ್ 11ರಂದು ನಸುಕಿನ ನಾಲ್ಕು ಗಂಟೆ ದಾಟಿದ ಹೊತ್ತಿನಲ್ಲಿ ಅಲ್ಲಿ 6.3 ಪ್ರಮಾಣದ ಭೂಕಂಪವಾಯಿತು. ಮಲಗಿದ್ದವರ ಮೇಲೆ ಮನೆಗಳು ಕುಸಿದವು. 170ಕ್ಕೂ ಹೆಚ್ಚು ಮಂದಿ ಮಡಿದರು. ಅಣೆಕಟ್ಟಿನಲ್ಲೂ ಬಿರುಕು ಬಿಟ್ಟಿತು. 1962ರಲ್ಲಿ ಜಲಾಶಯ ತುಂಬತೊಡಗಿದ ಬಳಿಕ ಅಲ್ಲಿ ಕಂಪನಗಳು ಹೆಚ್ಚಿದ್ದವು. ನೀರಿನ ಭಾರವೂ ಬಂಡೆಯ ಬಿರುಕುಗಳಿಗೆ ಇಳಿದ ನೀರಿನ ಒತ್ತಡವೂ ಇದಕ್ಕೆ ಪ್ರಚೋದನೆಯೆಂದು ತಜ್ಞರ ಅಭಿಪ್ರಾಯ.

ಭೂಕಂಪದಲ್ಲಿ ಮೊದಲು ಬರುವುದು ಪ್ರಾಥಮಿಕ ಅಲೆ. ರೈಲಿನ ಇಂಜಿನು ತಾಗಿದಾಗ ಡಬ್ಬಿಯಿಂದ ಡಬ್ಬಿಗೆ ಸಾಗುವ ನೂಕಿನಂತಹದು ಇದು. ಅದರ ಹಿಂದೆ ಬರುವ ದ್ವಿತೀಯಕ ಅಲೆ ಹಗ್ಗವನ್ನು ಕುಲುಕಿದಂತೆ ನೆಲವನ್ನು ಅಡ್ಡಡ್ಡ ಅಲುಗಿಸುತ್ತದೆ. ಗೋಡೆಗಳಿಗೆ ಇದರಿಂದಲೇ ಅಪಾಯ ಹೆಚ್ಚು. ಸೆಕೆಂಡಿಗೆ 6 ಮತ್ತು 3.5 ಕಿ.ಮೀ. ವೇಗವೆಂದು ಹಿಡಿದರೆ, ಕೊಯ್ನಾದಿಂದ ಆಜರಾಕ್ಕೆ ಮೊದಲನೆಯದು 25 ಸೆಕೆಂಡಿನಲ್ಲಿ, ಎರಡನೆಯದು 43 ಸೆಕೆಂಡಿನಲ್ಲಿ ತಲಪುತ್ತದೆ. ಈ 18 ಸೆಕೆಂಡಿನ ಅಂತರದಿಂದಲೇ ಕಂಪನದ ಮೂಲ ಎಷ್ಟು ದೂರವೆಂದು ಲೆಕ್ಕ ಹಾಕಬಹುದು. ಮೂರು ಕೇಂದ್ರಗಳ ಲೆಕ್ಕ ಕೂಡಿದರೆ ಮೂಲದ ಜಾಗವೇ ಸಿಗುತ್ತದೆ.

ದ್ವಿತೀಯಕ ಅಲೆ ದ್ರವದಲ್ಲಿ ಸಾಗದು. 2,900 ಕಿ.ಮೀ. ಆಳದ ಕೆಳಗೆ ಅದು ಹಾದು ಹೋಗುವುದಿಲ್ಲವಾದ್ದರಿಂದ ಅಲ್ಲಿ ಕರಗಿದ ಲೋಹವಿದೆಯೆಂದು ತಿಳಿಯಿತು. ಭೂಮಿಗೆ ತಿರುಳಿದೆಯೆಂದು 1906ರಲ್ಲಿ ಅಲೆಗಳಿಂದ ತೋರಿಸಿದ ಓಲ್ಡ್‌ಹ್ಯಾಮ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದು 1897ರ ಅಸ್ಸಾಂ ಭೂಕಂಪವನ್ನು ಅಭ್ಯಾಸ ಮಾಡಿದವರು. ಆ ದ್ರವದ ನಡುವೆ ಗಟ್ಟಿ ಒಳತಿರುಳಿದೆಯೆಂದು 1936ರಲ್ಲಿ ಕಂಡುಕೊಂಡವರು ಡೆನ್ಮಾರ್ಕಿನ ಮಹಿಳೆ ಇಂಗೆ ಲೆಹ್ಮನ್.

ಕೊಯ್ನಾದಲ್ಲಿ ಕಂಪನಗಳ ಮೂಲ ಬಹಳ ಆಳದಲ್ಲಿಲ್ಲ. ಹೆಚ್ಚಿನವು ಹತ್ತು ಕಿ.ಮೀ. ಒಳಗಿನವು. ಆದುದರಿಂದ 2017ರಲ್ಲಿ ಅಲ್ಲಿ ಮೂರು ಕಿ.ಮೀ. ಆಳದ ರಂಧ್ರ ಕೊರೆಯಲಾಯಿತು. ಮೇಲಿನ ಕರಿಕಲ್ಲಿನ ಪದರ ಒಂದೂಕಾಲು ಕಿ.ಮೀ. ದಪ್ಪವಿದ್ದು, ಅದರಡಿ ಗ್ರಾನೈಟ್ ಜಾತಿಯ ಬಂಡೆ ಕಂಡಿತು.

ಇಷ್ಟೆಲ್ಲ ತಿಳಿದರೂ ಇಂಥ ದಿನ, ಇಂಥ ಗಳಿಗೆಗೆ ಭೂಕಂಪವೆಂದು ಯಾರೂ ಮುಂಚಿತವಾಗಿ ಹೇಳಲಾರರು. ಹಾಗೆ ಹೇಳುವ ವದಂತಿಗಳಿಗೆ ನಾವು ಕಿವಿಗೊಡಬೇಕಾಗಿಲ್ಲ. ನಮ್ಮ ಕೈಯಲ್ಲಿರುವುದು ಮನೆ ಕಟ್ಟುವ ಕ್ರಮ. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಕೊಂದವು ಮಣ್ಣಿನ ಗಾರೆಯಲ್ಲಿ ಪೇರಿಸಿದ ಭಾರದ ಕಲ್ಲುಗೋಡೆಗಳು. ಆಜರಾದಲ್ಲಾಗಲಿ ಕಾಸರಗೋಡಿನಲ್ಲಾಗಲಿ ಮನೆ ಕಟ್ಟುವವರು ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವರಿಯುವ ಕಾಂಕ್ರೀಟಿನ ಪಟ್ಟಿಯನ್ನು ಬಿಡಬಾರದು. ಅಲೆ ಬಂದಾಗ ಗೋಡೆಗಳು ಒಂದನ್ನೊಂದು ಹಿಡಿದು ನಿಲ್ಲುವುದು ಅದರಿಂದಲೇ.