ಶುಲ್ಕ ಕಟ್ಟಿದ ಮೇಲೂ ಮಗು ಮಂಕಾಗಿದ್ದರೆ

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಂಕ, ಆದಾಯ, ಶಾಲೆಯ ಹೆಸರು ಎಲ್ಲವೂ ಇರುತ್ತವೆ. ಮಗುವಿನ ಮನಸ್ಸು ಹೇಗಿದೆ ಎಂಬ ಕಲಂ ಇರುವುದಿಲ್ಲ. ಓದು ನಿಲ್ಲುವುದು ಹಣದ ಕೊರತೆಯಿಂದ ಮಾತ್ರವಲ್ಲ ಎಂಬುದನ್ನು ಶಿಕ್ಷಕರಾಗಿ ದುಡಿದ ನಾವು ಬಲ್ಲೆವು.

ನಮ್ಮ ಕರಾವಳಿಯ ಮಕ್ಕಳ ಒತ್ತಡಕ್ಕೆ ಇಲ್ಲಿಯವೇ ಆದ ಕಾರಣಗಳಿವೆ. ಭಟ್ಕಳದ ಅನೇಕ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿರುತ್ತಾರೆ. ಮಕ್ಕಳೊಡನೆ ಮಾತು ಫೋನಿನಲ್ಲಿ, ಅದೂ ಹೆಚ್ಚಾಗಿ ಅಂಕಗಳ ಬಗ್ಗೆ. ಹೊನ್ನಾವರ, ಕುಮಟಾಗಳ ಮೀನುಗಾರ ಮನೆಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ನಿಷೇಧ. ಶುಲ್ಕ, ಪುಸ್ತಕ, ಸಮವಸ್ತ್ರದ ಖರ್ಚು ಬರುವುದೂ ಆಗಲೇ. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಉರ್ದು ಅಥವಾ ಕನ್ನಡ ಎಂದು ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ಪಿಯುಸಿ ವಿಜ್ಞಾನದಲ್ಲಿ ಒಮ್ಮೆಲೇ ಇಂಗ್ಲಿಷ್ ಪಾಠ. ಅರ್ಥವಾಗಲಿಲ್ಲ ಎನ್ನಲು ನಾಚಿಕೆ. ಮೊದಲು ಹಿಂದಿನ ಬೆಂಚು, ಆಮೇಲೆ ಗೈರುಹಾಜರಿ.

ಆಪ್ತಸಮಾಲೋಚನೆ ಹುಚ್ಚು ಹಿಡಿದವರಿಗೆ ಮಾತ್ರ ಎಂಬ ಭಾವನೆ ತಪ್ಪು. ಅದು ಬುದ್ಧಿವಾದವೂ ಅಲ್ಲ. ತರಬೇತಿ ಪಡೆದವರು ಮಗು ಹೇಳುವುದನ್ನು ಪೂರ್ತಿ ಕೇಳುತ್ತಾರೆ, ಕಷ್ಟ ಎಲ್ಲಿದೆಯೆಂದು ಗುರುತಿಸಲು ನೆರವಾಗುತ್ತಾರೆ, ಮುಂದಿನ ಒಂದು ಸಣ್ಣ ಹೆಜ್ಜೆಯನ್ನು ಮಗುವಿನಿಂದಲೇ ಹೇಳಿಸುತ್ತಾರೆ. ಹೇಳಿದ್ದು ಗುಟ್ಟಾಗಿರುತ್ತದೆ. ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ಹಿಂಸಿಸುತ್ತಿದ್ದರೆ ಮಾತ್ರ ರಕ್ಷಣೆಗಾಗಿ ತಿಳಿಸಬೇಕಾದವರಿಗೆ ತಿಳಿಸುತ್ತಾರೆ.

ಪಾಲಕರು ಗಮನಿಸಬೇಕಾದವು ಇವು: ಎರಡು ವಾರ ಮೀರಿಯೂ ಊಟ, ನಿದ್ದೆ ಸರಿಯಿಲ್ಲದಿರುವುದು, ಶಾಲೆಗೆ ಹೊರಡುವ ಹೊತ್ತಿಗೇ ಹೊಟ್ಟೆನೋವು, ಗೆಳೆಯರಿಂದ ದೂರ ಸರಿಯುವುದು. "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ನೆರವು ಪಡೆಯಿರಿ.

ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ ಕನ್ನಡದಲ್ಲೂ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರ. ಹಿಂಸೆ, ಕಿರುಕುಳವಿದ್ದರೆ ಮಕ್ಕಳ ಸಹಾಯವಾಣಿ 1098. ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣರಾದವರು ಅದೇ ವರ್ಷ ಮತ್ತೆ ಬರೆಯಬಹುದೆಂಬುದನ್ನು ಫಲಿತಾಂಶಕ್ಕೆ ಮೊದಲೇ ಮಕ್ಕಳಿಗೆ ಹೇಳಿಡಿ.

ಒಂದು ವಿಷಯದಲ್ಲಿ ಅನುತ್ತೀರ್ಣರಾದ ಮಾತ್ರಕ್ಕೆ ಈ ಸಾಲಿನಿಂದ ನಾವು ವಿದ್ಯಾರ್ಥಿವೇತನ ನಿಲ್ಲಿಸುವುದಿಲ್ಲ. ನವೀಕರಣಕ್ಕೆ ಬರುವಾಗ ಮಗುವನ್ನೂ ಕರೆತನ್ನಿ. ಅಂಕಪಟ್ಟಿ ನೋಡುವ ಮೊದಲು ಮಗುವಿನೊಡನೆ ಮಾತನಾಡುತ್ತೇವೆ. ಸಮಾಲೋಚಕರ ಬಳಿ ಹೋಗಿಬರುವ ಬಸ್ ಖರ್ಚನ್ನೂ ಶಿಕ್ಷಣದ ಖರ್ಚೆಂದೇ ಭಾವಿಸಿ ನೆರವಾಗಬೇಕೆಂದು ದಾನಿಗಳಲ್ಲಿ ವಿನಂತಿ.