ಮಾಸಿನ ವಾಸನೆಗೆ ನಾಯಿ, ನಾಯಿಯ ಹಿಂದೆ ಚಿರತೆ



ಚಿರತೆ ಬಂದು ಕರು ಹಿಡಿದ ಸುದ್ದಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ನಮಗೆ ಹೊಸದಲ್ಲ. ಅದಕ್ಕೆ ಕೊಟ್ಟಿಗೆಯ ದಾರಿ ತೋರಿಸುವವರು ಯಾರು ಎಂದು ಯೋಚಿಸಿದ್ದೀರಾ?

ನಾಯಿ, ನರಿಗಳಿಗೆ ಮೂಗೇ ಆಧಾರ. ಕರು ಹಾಕಿದ ಮೇಲೆ ಬೀಳುವ ಮಾಸನ್ನು ತಿಪ್ಪೆಗೆ ಎಸೆದರೆ, ಸತ್ತ ದನವನ್ನು ಕೆರೆ ಏರಿಯ ಹಿಂದೆ ಬಿಸಾಡಿದರೆ, ವಾಸನೆ ಹಿಡಿದು ಬರುತ್ತವೆ. ಒಮ್ಮೆ ಊಟ ಸಿಕ್ಕಿದ ಜಾಗವನ್ನು ಮರೆಯುವುದಿಲ್ಲ. ಚಿರತೆ ಬೇಟೆಯಲ್ಲಿ ಹೆಚ್ಚಾಗಿ ನಂಬುವುದು ಕಣ್ಣು, ಕಿವಿಗಳನ್ನು. ನಾಯಿ ಹೆಚ್ಚಿರುವ ಊರು ಅದಕ್ಕೆ ಸುಲಭದ ಬೇಟೆ. ಮಹಾರಾಷ್ಟ್ರದ ಅಕೋಲೆ ಭಾಗದ ಅಧ್ಯಯನದಲ್ಲಿ ಚಿರತೆಯ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇ 39 ಭಾಗ ನಾಯಿಗಳೇ ಇದ್ದವು. ನಾಯಿಗಾಗಿ ಬಂದ ಚಿರತೆಯ ಕಣ್ಣಿಗೆ ಬಯಲಲ್ಲಿ ಕಟ್ಟಿದ ಕರುವೂ ಬೀಳುತ್ತದೆ.

ಹಿಂದೆ ಸತ್ತ ದನವನ್ನು ರಣಹದ್ದುಗಳು ಖಾಲಿ ಮಾಡುತ್ತಿದ್ದವು. ಅವು ಎತ್ತರದಿಂದ ಕಣ್ಣಲ್ಲೇ ಹುಡುಕುತ್ತವೆ. ಒಂದು ಇಳಿದದ್ದನ್ನು ನೋಡಿ ಉಳಿದವೂ ಇಳಿಯುತ್ತವೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ದೇಶದಲ್ಲಿ ಅವುಗಳ ಸಂಖ್ಯೆ ಕುಸಿಯಿತು. 2006ರಲ್ಲಿ ದನಗಳಿಗೆ ಆ ಮದ್ದನ್ನು, 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನು ನಿಷೇಧಿಸಲಾಯಿತು. ರಣಹದ್ದು ಬಿಟ್ಟುಹೋದ ಊಟ ಈಗ ನಾಯಿಗಳ ಪಾಲು.

ಆದ್ದರಿಂದ ಇಷ್ಟು ಮಾಡಿ:

1. ಮಾಸು ಬಿದ್ದ ಕೂಡಲೇ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಬರಿಗೈಯಲ್ಲಿ ಮುಟ್ಟಬೇಡಿ, ಕಂದು ಹಾಕಿದ ಹಸುವಿನ ಮಾಸಿನಿಂದ ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಬರುತ್ತದೆ.

2. ಸತ್ತ ದನವನ್ನು ಸುಮಾರು ಆರು ಅಡಿ ಆಳದಲ್ಲಿ, ಬಾವಿ, ಹಳ್ಳಗಳಿಂದ ದೂರ ಹೂಳಿ. ದಿಢೀರ್ ಸತ್ತು, ಮೂಗು, ಗುದದ್ವಾರದಿಂದ ಕಪ್ಪು ರಕ್ತ ಬಂದಿದ್ದರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ತಕ್ಷಣ ಪಶುವೈದ್ಯರಿಗೆ ತಿಳಿಸಿ.

3. ನೋವಿನ ಇಂಜೆಕ್ಷನ್ ಕೊಡುವಾಗ ಮದ್ದಿನ ಹೆಸರು ಕೇಳಿ. ಮೆಲಾಕ್ಸಿಕಾಮ್ ರಣಹದ್ದಿಗೆ ಅಪಾಯವಿಲ್ಲದ ಮದ್ದು.

4. ಕರು, ಕುರಿ, ಮೇಕೆಗಳನ್ನು ರಾತ್ರಿ ಗಟ್ಟಿ ಬಾಗಿಲಿನ ಕೊಟ್ಟಿಗೆಯೊಳಗೆ ಕಟ್ಟಿ. ಕಿಟಕಿಗೆ ಜಾಲರಿ ಇರಲಿ.

5. ಚಿರತೆ ದನ ಕೊಂದರೆ ಕಳೇಬರವನ್ನು ಕದಲಿಸದೆ ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ತಿಳಿಸಿ. ಪರಿಹಾರಕ್ಕೆ ಸ್ಥಳ ಪರಿಶೀಲನೆ ಬೇಕು. ಉಳಿದ ಮಾಂಸಕ್ಕೆ ಚಿರತೆ ಮರಳಿ ಬರುವುದರಿಂದ ಕತ್ತಲಲ್ಲಿ ಅತ್ತ ಸುಳಿಯಬೇಡಿ.

ಒಬ್ಬರು ಹೂಳಿ, ಪಕ್ಕದವರು ಎಸೆದರೆ ನಾಯಿ ಬರುವುದು ನಿಲ್ಲದು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಹೂಳಲು ಒಂದು ಜಾಗ ಗೊತ್ತುಮಾಡಿಕೊಳ್ಳಿ.