ಬೆಳಿಗ್ಗೆ ಬೆಟ್ಟ, ಸಂಜೆ ಬೈಠಕ್: ಡೊಂಬಿವಲಿ ದಂಪತಿಯ ವಾರಾಂತ್ಯದ ಸುತ್ತಾಟ

ಮಹಾನಗರ ಮುಂಬಯಿಯಲ್ಲಿ ರವಿವಾರ ಎಂದರೆ ನಮ್ಮವರಿಗೆ ವಿಶ್ರಾಂತಿಯ ದಿನವಲ್ಲ. ಬೆಳಿಗ್ಗೆ ಒಂದು ಗೃಹಪ್ರವೇಶ, ಮಧ್ಯಾಹ್ನ ಇನ್ನೊಂದು ಮದುವೆ, ಸಂಜೆ ಸಂಘದ ವಾರ್ಷಿಕೋತ್ಸವ. ಇವುಗಳ ನಡುವೆ ಮೆಗಾ ಬ್ಲಾಕ್ ಎಂಬ ರೈಲ್ವೆಯ ಪ್ರಸಾದ ಬೇರೆ. ಮನೆಗೆ ಮರಳುವಾಗ ರಾತ್ರಿ ಹನ್ನೊಂದು. ಮರುದಿನ ಮತ್ತೆ ಅದೇ ಲೋಕಲ್, ಅದೇ ಓಟ.

ಡೊಂಬಿವಲಿಯಲ್ಲಿ ನೆಲೆಸಿರುವ ಈ ಕನ್ನಡಿಗ ದಂಪತಿಯ ಬದುಕೂ ಇಪ್ಪತ್ತೈದು ವರ್ಷ ಹೀಗೆಯೇ ಸಾಗಿತ್ತು. ಪತಿ ಕಾರ್ಕಳದ ಕಡೆಯವರು, ಪತ್ನಿ ಧಾರವಾಡದವರು. ಇಬ್ಬರೂ ಬ್ಯಾಂಕ್ ನೌಕರರು. ‘ನಾವೇನು ದೊಡ್ಡ ಸಾಧನೆ ಮಾಡಿದವರಲ್ಲ, ಹೆಸರು ಹಾಕಬೇಡಿ’ ಎಂಬುದು ಅವರ ಒಂದೇ ಷರತ್ತು. ಆದ್ದರಿಂದ ಇಲ್ಲಿ ಅವರ ಹೆಸರಿಲ್ಲ. ಆದರೆ ಅವರು ಹೇಳಿದ ಮಾತು ನಮ್ಮಲ್ಲಿ ಅನೇಕರಿಗೆ ತಮ್ಮದೇ ಮನೆಯ ಮಾತು ಎನಿಸಬಹುದು.

ಒಂದು ಪ್ರಶ್ನೆಯಿಂದ ಆರಂಭ

ಆ ರಾತ್ರಿ ದಂಪತಿ ಮಾಟುಂಗಾದಲ್ಲಿ ಒಂದು ಸಮಾರಂಭ ಮುಗಿಸಿ ಮನೆಗೆ ಬಂದಿದ್ದರು. ಚಪ್ಪಲಿ ಕಳಚುತ್ತ ಪತ್ನಿ ಕೇಳಿದರಂತೆ: ‘ಕೂಡಿ ಹೋಗಿ ಕೂಡಿ ಬಂದ್ವಿ. ಆದ್ರ ಕೂಡಿ ಎಲ್ಲೆ ಇದ್ವಿ ಹೇಳ್ರಿ?’

ಪತಿಗೆ ಉತ್ತರ ಹೊಳೆಯಲಿಲ್ಲ. ಹೋಗುವಾಗ ಆಕೆ ಮಹಿಳೆಯರ ಡಬ್ಬಿಯಲ್ಲಿ, ಇವರು ಜನರಲ್ ಡಬ್ಬಿಯಲ್ಲಿ. ಸ್ಟೇಷನ್ನಿನ ಸೇತುವೆಯ ಕೆಳಗೆ ಭೇಟಿ. ಸಭಾಗೃಹದಲ್ಲಿ ಆಕೆ ಹೆಂಗಸರ ಸಾಲಿನಲ್ಲಿ, ಇವರು ಸಂಘದ ಮಿತ್ರರೊಂದಿಗೆ ಬಾಗಿಲ ಬಳಿ. ಊಟದ ಪಂಕ್ತಿಯೂ ಬೇರೆ. ಬರುವಾಗ ಮತ್ತೆ ಬೇರೆ ಬೇರೆ ಡಬ್ಬಿ. ಮಗ ಉನ್ನತ ವ್ಯಾಸಂಗಕ್ಕೆಂದು ಮನೆ ಬಿಟ್ಟು ಕೆಲವೇ ತಿಂಗಳಾಗಿತ್ತು. ಅಷ್ಟು ದಿನ ಮಾತೆಲ್ಲ ಅವನ ಶಾಲೆ, ಅವನ ಟ್ಯೂಷನ್, ಅವನ ಪರೀಕ್ಷೆಯ ಸುತ್ತಲೇ ಇತ್ತು. ಅವನು ಹೋದ ಮೇಲೆ ಮನೆಯಲ್ಲಿ ಮಾತನಾಡುತ್ತಿದ್ದುದು ಟಿ.ವಿ. ಮಾತ್ರ.

ಅದು 2015ನೇ ಇಸವಿ. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ಣ ರಜೆ ಜಾರಿಗೆ ಬಂತು. ಅದುವರೆಗೆ ಅರ್ಧ ದಿನವೆಂದು ಹೇಳಿಕೊಂಡು ಸಂಜೆಗೆ ಮನೆ ತಲುಪುತ್ತಿದ್ದವರಿಗೆ ತಿಂಗಳಿಗೆ ಎರಡು ಇಡೀ ಶನಿವಾರ ಕೈಗೆ ಸಿಕ್ಕಿತು. ‘ರವಿವಾರ ಸಮಾಜಕ್ಕಿರಲಿ, ಈ ಎರಡು ಶನಿವಾರ ನಮ್ಮಿಬ್ಬರಿಗೆ’ ಎಂದು ಅವರು ನಿರ್ಧರಿಸಿದರು. ಇಂದಿಗೂ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಕಾನ್ಹೇರಿಯಲ್ಲಿ ನೃಪತುಂಗನ ಕಾಲದ ದತ್ತಿನಿಧಿ

ಮೊದಲ ಸುತ್ತಾಟ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ. ಸುಮಾರು 104 ಚದರ ಕಿಲೋಮೀಟರಿನ ಈ ಕಾಡು ಮುಂಬಯಿ ಮತ್ತು ಥಾಣೆಯ ಮಧ್ಯದಲ್ಲೇ ಇದೆ. ವಿಹಾರ್ ಮತ್ತು ತುಳಸಿ ಕೆರೆಗಳಿರುವುದೂ ಇದರ ಮಡಿಲಲ್ಲೇ. ಗೇಟಿನಿಂದ ಕಾನ್ಹೇರಿ ಗುಹೆಗಳವರೆಗೆ ಕಾಡಿನ ನಡುವಿನ ಡಾಮರು ರಸ್ತೆ. ಡಿಸೆಂಬರಿನ ಬೆಳಗು, ಮೈಗೆ ಹಿತವಾದ ಚಳಿ. ಆದರೂ ಅರ್ಧ ದಾರಿಗೆ ಪತಿಯ ಉಸಿರು ಏರಿತು. ‘ಇನ್ನೆಷ್ಟು ದೂರ ಮಾರಾಯ್ತಿ, ಬಸ್ಸಿಗೆ ಹೋಗುವ’ ಎಂದರು. ಆಕೆ ಒಪ್ಪಲಿಲ್ಲ. ಸಣ್ಣದೊಂದು ಜಗಳವೇ ಆಯಿತು. ‘ಜಗಳವಾದರೂ ಪರವಾಗಿಲ್ಲ, ಎಷ್ಟೋ ವರ್ಷದ ಮೇಲೆ ನಮ್ಮಿಬ್ಬರ ವಿಷಯಕ್ಕೇ ಆದ ಜಗಳ ಅದು’ ಎಂದು ಇಂದು ಇಬ್ಬರೂ ನಗುತ್ತಾರೆ.

ಒಂದೇ ಬೆಟ್ಟದ ಕಪ್ಪು ಕಲ್ಲಿನಲ್ಲಿ ಕೊರೆದ 109 ಗುಹೆಗಳು ಕಾನ್ಹೇರಿಯಲ್ಲಿವೆ. ಬೌದ್ಧ ಭಿಕ್ಷುಗಳು ಇಲ್ಲಿ ಸಾವಿರ ವರ್ಷದಷ್ಟು ಕಾಲ ವಾಸವಾಗಿದ್ದರು. ಗುಹೆ ಗುಹೆಗೂ ಮಳೆನೀರು ಹಿಡಿಯುವ ಕಲ್ಲಿನ ತೊಟ್ಟಿಗಳಿವೆ. ನಮ್ಮ ಓದುಗರು ತಿಳಿಯಬೇಕಾದ ಸಂಗತಿ ಮತ್ತೊಂದಿದೆ. ಇಲ್ಲಿರುವ 9ನೇ ಶತಮಾನದ ಶಾಸನಗಳು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವು. ಕನ್ನಡದಲ್ಲಿ ಇಂದು ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಆಗ ಈ ಕೊಂಕಣ ಸೀಮೆಯನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಶಾಸನಗಳ ಭಾಷೆ ಕನ್ನಡವಲ್ಲ, ಸಂಸ್ಕೃತ. ಅವುಗಳಲ್ಲಿ ಬರೆದಿರುವುದೇನು? ಭಿಕ್ಷುಗಳ ವಸ್ತ್ರಕ್ಕೆ ಇಷ್ಟು, ಗುಹೆಗಳ ದುರಸ್ತಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ದಾನಿಗಳು ಇಟ್ಟ ದ್ರಮ್ಮ ನಾಣ್ಯಗಳ ದತ್ತಿ!

‘ನಮ್ಮ ಸಂಘಗಳ ದತ್ತಿನಿಧಿಯ ಹಾಗೆಯೇ ಅಲ್ಲವೇ? ಮೂಲಧನ ಹಾಗೇ ಉಳಿಯಬೇಕು, ಬಡ್ಡಿಯಲ್ಲಿ ಕೆಲಸ ನಡೆಯಬೇಕು’ ಎನ್ನುತ್ತಾರೆ ಬ್ಯಾಂಕಿನ ಲೆಕ್ಕ ಬಲ್ಲ ಪತಿ. ‘ಇಲ್ಲಿಗೆ ಬಂದು ಸಾಲ ಮಾಡಿ ಫ್ಲ್ಯಾಟ್ ಕೊಂಡ ಮೇಲೂ ಪರವೂರಿನಲ್ಲಿ ಇದ್ದೇವೆಂದೇ ಅನಿಸುತ್ತಿತ್ತು. ಆ ಗುಹೆಯ ಮೆಟ್ಟಿಲ ಮೇಲೆ ಕೂತಾಗ ಅದು ಸ್ವಲ್ಪ ಕಡಿಮೆಯಾಯಿತು.’

ಊರ ದಾರಿಯ ಬೆಟ್ಟಗಳು

ಕಾನ್ಹೇರಿಯ ನಂತರ ಹುರುಪು ಬಂತು. ಮುಂದಿನ ಬೆಟ್ಟ ಪನ್ವೇಲ್ ಬಳಿಯ ಕರ್ನಾಳಾ. ಕೊಂಕಣ ರೈಲಿನಲ್ಲಿ ಅಥವಾ ಗೋವಾ ಹೆದ್ದಾರಿಯ ಬಸ್ಸಿನಲ್ಲಿ ಊರಿಗೆ ಹೋಗುವವರು ಇದನ್ನು ಕಂಡೇ ಇರುತ್ತಾರೆ. ಪನ್ವೇಲ್ ದಾಟುತ್ತಿದ್ದಂತೆ ಹೆಬ್ಬೆರಳು ಎತ್ತಿ ನಿಲ್ಲಿಸಿದಂತೆ ತೋರುವ ಬಂಡೆಯ ಶಿಖರವೇ ಕರ್ನಾಳಾ ಕೋಟೆ. ಸುತ್ತಲಿನ ಕಾಡು ಪಕ್ಷಿಧಾಮ. ‘ಎಷ್ಟು ವರ್ಷ ಕಿಟಕಿಯಿಂದ ನೋಡಿದ್ದೆ, ಇಳಿದು ಹತ್ತಬಹುದೆಂದು ತೋಚಿರಲೇ ಇಲ್ಲ. ನಮಗೆ ಅದು ಊರು ಇನ್ನೂ ದೂರವಿದೆ ಎಂಬುದರ ಗುರುತು ಮಾತ್ರ’ ಎನ್ನುತ್ತಾರೆ ಪತಿ.

ಬಳಿಕ ಲೋಹಗಡ. ಲೋನಾವಳದವರೆಗೆ ರೈಲು, ಅಲ್ಲಿಂದ ಪುಣೆ ಲೋಕಲ್ ಹಿಡಿದು ಮುಂದಿನ ನಿಲ್ದಾಣ ಮಳವಲಿ. ಸಾವಿರ ಮೀಟರಿಗೂ ಎತ್ತರದ ಈ ಕೋಟೆಗೆ ಕಲ್ಲಿನ ಮೆಟ್ಟಿಲುಗಳಿವೆ, ಸಾಲಾಗಿ ದ್ವಾರಗಳಿವೆ. ತುದಿಯಲ್ಲಿ ಚೇಳಿನ ಬಾಲದಂತೆ ಚಾಚಿರುವ ‘ವಿಂಚೂಕಾಟಾ’ ಇದೆ. 2025ರ ಜುಲೈಯಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠಾ ಕಾಲದ 12 ಕೋಟೆಗಳಲ್ಲಿ ಲೋಹಗಡವೂ ಒಂದು. ರಾಯಗಡ, ಪ್ರತಾಪಗಡ, ಶಿವನೇರಿಗಳ ಜೊತೆ ತಮಿಳುನಾಡಿನ ಜಿಂಜಿಯೂ ಆ ಪಟ್ಟಿಯಲ್ಲಿದೆ.

ಲೋಹಗಡದ ದಾರಿಯಲ್ಲೇ ಭಾಜೆ ಗುಹೆಗಳು ಸಿಗುತ್ತವೆ. ಕ್ರಿಸ್ತಪೂರ್ವ ಕಾಲದ ಈ ಗುಹೆಗಳ ಒಂದು ಶಿಲ್ಪದಲ್ಲಿ ಒಬ್ಬಾಕೆ ತಬಲಾವನ್ನು ಹೋಲುವ ಚರ್ಮವಾದ್ಯ ನುಡಿಸುತ್ತಿದ್ದಾಳೆ, ಪಕ್ಕದಲ್ಲಿ ಇನ್ನೊಬ್ಬಳು ಕುಣಿಯುತ್ತಿದ್ದಾಳೆ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತು ಮದುವೆಯ ನಂತರ ಬಿಟ್ಟಿದ್ದ ಪತ್ನಿ ಆ ಶಿಲ್ಪದ ಮುಂದೆ ಬಹಳ ಹೊತ್ತು ನಿಂತರು. ಅಂದು ಬೆಟ್ಟದ ಬುಡದ ಮನೆಯೊಂದರಲ್ಲಿ ಪಿಠಲ-ಭಾಕರಿ ಊಟ. ‘ನಮ್ಮ ಝುಣಕ ರೊಟ್ಟೀನೇ ಇದು’ ಎಂದು ಉಂಡು ರೈಲು ಹತ್ತಿದಾಗ ಪತಿಯೇ ಹೇಳಿದರು: ‘ಮುಂದಿನ ಶನಿವಾರ ಸಂಜೆ ಹಾಡು ಕೇಳಲು ಹೋಗುವ.’

ಸಂಜೆಗೆ ಸಂಗೀತ

ಹಾಗೆ ಬೆಟ್ಟದ ಜೊತೆ ಬೈಠಕ್ ಸೇರಿಕೊಂಡಿತು. ಮುಂಬಯಿಯ ಚಳಿಗಾಲದ ವಿಶೇಷವೇ ಅದು. ಮಳೆಗಾಲದಲ್ಲಿ ಬೆಟ್ಟದ ಕಲ್ಲು ಜಾರುತ್ತದೆ, ಬೇಸಗೆಯಲ್ಲಿ ನೆತ್ತಿ ಸುಡುತ್ತದೆ. ನಡೆಯಲು ಸರಿಯಾದ ಕಾಲ ಡಿಸೆಂಬರಿನಿಂದ ಫೆಬ್ರವರಿ. ಸಂಗೀತದ ಹಂಗಾಮವೂ ಅದೇ ತಿಂಗಳುಗಳಲ್ಲಿ.

ಈ ನಗರದ ಸಭಾಗೃಹಗಳ ಇತಿಹಾಸವೂ ದೊಡ್ಡದು. ಕಿಂಗ್ಸ್ ಸರ್ಕಲ್‌ನ ಷಣ್ಮುಖಾನಂದ ಸಭೆ 1952ರಲ್ಲಿ ಸ್ಥಾಪನೆಯಾಯಿತು. 1963ರಲ್ಲಿ ತೆರೆದ ಅದರ ಸಭಾಗೃಹ 1990ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಎದ್ದು ನಿಂತಿತು. ನರಿಮನ್ ಪಾಯಿಂಟ್‌ನ ಎನ್‌ಸಿಪಿಎ 1969ರಲ್ಲಿ ಆರಂಭವಾದ ಸಂಸ್ಥೆ. ಜುಹೂವಿನ ಪೃಥ್ವಿ ಥಿಯೇಟರ್ 1978ರದು. ಫೆಬ್ರವರಿಯ ಕಾಲಾಘೋಡಾ ಉತ್ಸವ 1999ರಲ್ಲಿ ಶುರುವಾದದ್ದು. ಅದರ ಹಾಡು, ನೃತ್ಯಗಳಿಗೆ ಪ್ರವೇಶ ಉಚಿತ. ನಮ್ಮವೇ ಆದ ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಅವುಗಳ ಸಭಾಗೃಹಗಳಲ್ಲಿ ಸಂಗೀತ, ನಾಟಕಗಳಿಗೆ ಬರುವವರ ಪರಿಚಯ ಈ ದಂಪತಿಗೆ ಈಗ ಚೆನ್ನಾಗಿದೆ.

ಧಾರವಾಡ ಸೀಮೆಯ ಸಂಗೀತಕ್ಕೂ ಮುಂಬಯಿಗೂ ಇರುವ ನಂಟನ್ನು ಪತ್ನಿ ಉತ್ಸಾಹದಿಂದ ವಿವರಿಸುತ್ತಾರೆ. ಮಲ್ಲಿಕಾರ್ಜುನ ಮನ್ಸೂರರು ಜೈಪುರ ಘರಾಣೆಯ ಮಂಜೀಖಾನ್ ಸಾಹೇಬರ ಶಿಷ್ಯರಾದದ್ದು ಮುಂಬಯಿಯಲ್ಲಿ. ಬೆಳಗಾವಿ ಜಿಲ್ಲೆಯ ಸೂಳೇಭಾವಿಯ ಬಾಲಕ, ಮುಂದೆ ಕುಮಾರ ಗಂಧರ್ವರೆಂದು ಖ್ಯಾತರಾದವರು, ಕಲಿತದ್ದು ಒಪೇರಾ ಹೌಸ್ ಬಳಿಯ ಬಿ.ಆರ್. ದೇವಧರರ ಸಂಗೀತ ಶಾಲೆಯಲ್ಲಿ. ಗದಗದ ಭೀಮಸೇನ ಜೋಶಿಯವರು 1943ರಲ್ಲಿ ಮುಂಬಯಿಗೆ ಬಂದು ರೇಡಿಯೋ ಕಲಾವಿದರಾಗಿದ್ದರು. ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆಯಲು ಬಂದ ನಮ್ಮ ಕರಾವಳಿಯ ಹುಡುಗರ ಹಾಗೆಯೇ ಹಾಡು ಕಲಿಯಲು ಬಂದ ಬಯಲುಸೀಮೆಯ ಹುಡುಗರೂ ಇದೇ ನಗರದಲ್ಲಿ ದಾರಿ ಕಂಡುಕೊಂಡರು.

ಹಿಂದೆ ಬಯಲಿನ ಪೆಂಡಾಲುಗಳಲ್ಲಿ ಬೆಳಗಿನವರೆಗೂ ಸಂಗೀತ ನಡೆಯುತ್ತಿತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಬಳಿಕ ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ನಡುರಾತ್ರಿಯ ರಾಗಗಳು ಇದರಿಂದ ಅಪರೂಪವಾದವೆಂದು ಪತ್ನಿಗೆ ಬೇಸರ. ‘ಹತ್ತಕ್ಕೆ ಮುಗಿದರೆ ನಮಗೆ ಲೋಕಲ್ ಸಿಗುತ್ತದೆ’ ಎಂಬುದು ಪತಿಯ ಸಮಾಧಾನ.

ಯಕ್ಷಗಾನದ ಚೆಂಡೆಗೆ ಕಿವಿ ಪಳಗಿದ್ದ ಪತಿಗೆ ಮೊದಮೊದಲು ವಿಲಂಬಿತ ಖಯಾಲ್ ಎಂದರೆ ತೂಕಡಿಕೆ. ‘ಏಕಾಏಕಿ ತಿಳೀತದ ಅನ್ನಬ್ಯಾಡ್ರಿ, ಬೆಟ್ಟ ಹತ್ತಿಧಂಗ. ಮೊದಲ ಅರ್ಧ ತಾಸು ಸುಸ್ತಾಗೋದು, ಆಮ್ಯಾಲ ತಾನ ಹಗುರಾಗತದ’ ಎಂದು ಪತ್ನಿ ಹೇಳಿದರಂತೆ. ಈಗ ತಬಲಾದ ಸಮ್ ಬಂದಲ್ಲಿ ಅವರ ಕೈ ತಾನಾಗಿಯೇ ತೊಡೆಯ ಮೇಲೆ ಬೀಳುತ್ತದೆ.

ಮೊಣಕಾಲಿನ ಎಚ್ಚರಿಕೆ

ಎಲ್ಲವೂ ಸುಗಮವಾಗಿಯೇ ನಡೆಯಿತೆಂದಲ್ಲ. ಕೆಲವು ವರ್ಷಗಳಿಂದ ಪತ್ನಿಗೆ ಎಡಗಾಲಿನ ಮೊಣಗಂಟು ನೋವು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕಡಿದಾದ ಇಳಿಜಾರು ಬೇಡವೆಂದು ವೈದ್ಯರು ಹೇಳಿದಾಗ ಆಕೆ ಬೂಟನ್ನು ಅಟ್ಟಕ್ಕೆ ಹಾಕಿ ‘ಇನ್ನ ನೀವ ಹೋಗಿ ಬರ್ರಿ’ ಎಂದರು. ಪತಿ ಒಂದು ಶನಿವಾರ ಗೆಳೆಯರೊಂದಿಗೆ ಹೋದರು. ಮೇಲೆ ನಿಂತು ನೋಡಿದಾಗ ತೋರಿಸಲು ಪಕ್ಕದಲ್ಲಿ ಆಕೆ ಇರಲಿಲ್ಲ. ಮನೆಗೆ ಬಂದವರೇ ಬೂಟನ್ನು ಅಟ್ಟದಿಂದ ಇಳಿಸಿದರು.

ಅಂದಿನಿಂದ ಬೆಟ್ಟ ಬದಲಾಯಿತು, ನಡಿಗೆ ನಿಲ್ಲಲಿಲ್ಲ. ಈಗ ಹೆಚ್ಚಾಗಿ ಹೋಗುವುದು ಮಾಥೇರಾನ್‌ಗೆ. ಸುಮಾರು 800 ಮೀಟರ್ ಎತ್ತರದ ಈ ಗಿರಿಧಾಮಕ್ಕೆ ನೇರಳ್‌ನಿಂದ 1907ರಲ್ಲಿ ಆರಂಭವಾದ ಪುಟಾಣಿ ರೈಲಿನ ದಾರಿಯಿದೆ. ಖಾಸಗಿ ಮೋಟಾರು ವಾಹನಗಳು ದಸ್ತೂರಿ ನಾಕಾದಿಂದ ಒಳಗೆ ಬರುವಂತಿಲ್ಲ. ಒಳಗಿನ ದಾರಿಗಳು ಮರದ ನೆರಳಿನಲ್ಲಿ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತವೆ. ‘ಆ ಕೆಂಪು ಮಣ್ಣು ನೋಡಿದರೆ ನಮ್ಮೂರಿನ ಮುರಕಲ್ಲಿನ ಗುಡ್ಡವೇ’ ಎನ್ನುತ್ತಾರೆ ಪತಿ. ಇಳಿಜಾರು ಬಂದಲ್ಲಿ ಅವರು ಒಂದು ಹೆಜ್ಜೆ ಮುಂದೆ ಇಳಿದು ನಿಲ್ಲುತ್ತಾರೆ, ಆಕೆ ಅವರ ಹೆಗಲ ಮೇಲೆ ಕೈಯಿಟ್ಟು ಇಳಿಯುತ್ತಾರೆ.

ಹೋಗಬಯಸುವವರಿಗೆ ದಂಪತಿಯ ಕಿವಿಮಾತು ಇಷ್ಟೆ: ಮುಂಜಾನೆಯ ಮೊದಲ ರೈಲುಗಳಲ್ಲೇ ಹೊರಡಿ, ಬಿಸಿಲೇರುವ ಮೊದಲು ಹತ್ತಿ, ಕತ್ತಲಾಗುವ ಮೊದಲು ಇಳಿಯಿರಿ. ತಲಾ ಎರಡು ಲೀಟರ್ ನೀರು, ಬೆಲ್ಲದ ತುಂಡು, ರೊಟ್ಟಿ-ಶೇಂಗಾ ಚಟ್ನಿ ಸಾಕು. ಬೊರಿವಲಿಯ ಕಾಡಿನಲ್ಲಿ ಚಿರತೆಗಳಿವೆ, ರಸ್ತೆ ಬಿಟ್ಟು ಒಳಗೆ ಹೋಗಬೇಡಿ. ಸೋಮವಾರ ಅಲ್ಲಿ ರಜೆ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ.

ಯಾವ ಊರಿಗೆ?

ನಿವೃತ್ತಿ ಈಗ ಹತ್ತಿರವಾಗಿದೆ. ಮುಂಬಯಿ ಕನ್ನಡಿಗರೆಲ್ಲರ ಮನೆಯಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇಲ್ಲಿಯೂ ಎದ್ದಿದೆ: ಇನ್ನು ಊರಿಗೆ ಮರಳುವುದೇ? ಇವರಿಗೆ ಅದು ಇನ್ನೂ ಜಟಿಲ. ಕಾರ್ಕಳಕ್ಕೋ, ಧಾರವಾಡಕ್ಕೋ? ಎರಡೂ ಕಡೆ ಹಿರಿಯರು ತೀರಿಕೊಂಡಿದ್ದಾರೆ. ಬಂಧುಗಳು ‘ಬನ್ನಿ, ಅಲ್ಲೇನಿದೆ ಆ ಗದ್ದಲದಲ್ಲಿ’ ಎನ್ನುತ್ತಾರೆ.

‘ಹತ್ತು ವರ್ಷದ ಹಿಂದೆ ಕೇಳಿದ್ದರೆ ನಾಳೆಯೇ ಹೊರಡುತ್ತಿದ್ದೆ. ಆಗ ನನಗೆ ಮುಂಬಯಿ ಎಂದರೆ ಡೊಂಬಿವಲಿ ಸ್ಟೇಷನ್, ಬ್ಯಾಂಕು, ಸಂಘದ ಹಾಲ್. ಈಗ ಇಲ್ಲಿ ನಾವಿಬ್ಬರೂ ಕೂತ ಕಲ್ಲುಗಳಿವೆ, ಕೇಳಿದ ಹಾಡುಗಳಿವೆ. ಅವನ್ನೆಲ್ಲ ಬಿಟ್ಟು ಹೋಗುವುದು ಹೇಗೆ?’ ಎಂದು ಪತಿ ಪ್ರಶ್ನಿಸುತ್ತಾರೆ. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಅದನ್ನು ಯಾರೊಬ್ಬರೂ ಒಂಟಿಯಾಗಿ ಮಾಡುವುದಿಲ್ಲ ಎಂಬಷ್ಟು ಖಚಿತ.

ನಮ್ಮ ಸಂಘಗಳಿಗೆ ಈ ದಂಪತಿಯದೊಂದು ವಿನಂತಿಯಿದೆ. ವರ್ಷಕ್ಕೊಮ್ಮೆಯ ಪಿಕ್‌ನಿಕ್‌ನಲ್ಲಿ ಬಸ್ಸು ತುಂಬಿಸಿ ರೆಸಾರ್ಟಿಗೆ ಒಯ್ಯುವ ಬದಲು ಚಳಿಗಾಲದ ಒಂದು ಬೆಳಿಗ್ಗೆ ಸದಸ್ಯರನ್ನು ಕಾನ್ಹೇರಿಗೆ ಕರೆದೊಯ್ದು ನೃಪತುಂಗನ ಕಾಲದ ಶಾಸನ ತೋರಿಸಬಾರದೇ? ಸಭಾಗೃಹದಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತು ಒಂದು ಹಾಡು ಕೇಳುವಂತೆ ಮಾಡಬಾರದೇ? ಖರ್ಚೇನೂ ಹೆಚ್ಚಿಲ್ಲ.

ಮೊನ್ನೆ ಮಾಟುಂಗಾದ ಸಂಗೀತ ಕಾರ್ಯಕ್ರಮವೊಂದರ ಬಳಿಕ ಇವರನ್ನು ಬೀಳ್ಕೊಡಲು ಸ್ಟೇಷನ್ನಿನವರೆಗೆ ಹೋಗಿದ್ದೆವು. ರಾತ್ರಿ ಹತ್ತೂವರೆಯ ಸ್ಲೋ ಲೋಕಲ್ ಬಂತು. ಮಹಿಳೆಯರ ಡಬ್ಬಿ ನಮ್ಮೆದುರಿಗೇ ನಿಂತಿತು, ಒಳಗೆ ಸೀಟುಗಳೂ ಖಾಲಿಯಿದ್ದವು. ಆಕೆ ಅದನ್ನು ದಾಟಿ ಪತಿಯ ಹಿಂದೆ ಜನರಲ್ ಡಬ್ಬಿ ಹತ್ತಿದರು. ರೈಲು ಹೊರಟಾಗ ಕಿಟಕಿಯ ಪಕ್ಕ ಇಬ್ಬರೂ ಕೂತಿರುವುದು ಕಾಣಿಸಿತು. ಪತಿಯ ಕೈ ಯಾವುದೋ ತಾಳ ಹಾಕುತ್ತಿತ್ತು, ಆಕೆ ಅದು ತಪ್ಪೆಂದು ತಿದ್ದುತ್ತಿದ್ದರು.